ಏಳುವ ಹೊತ್ತು, ಒಂದು ಲೋಟ ಕಾಫಿ, ಒಂದಿಷ್ಟು ಬೆಳಕು

ಪ್ರತಿ ವರ್ಷ ಜನವರಿ ಮೂರನೇ ವಾರದ ಹೊತ್ತಿಗೆ ನನ್ನ ಕ್ಲಿನಿಕ್‌ಗೆ ಒಂದು ಬಗೆಯ ಜನ ಬರುತ್ತಾರೆ. ದೊಡ್ಡ ಕಾಯಿಲೆ ಏನಿರುವುದಿಲ್ಲ. ಮೊಣಕಾಲು ನೋವು, ಸೊಂಟ ಹಿಡಿದಿರುವುದು, ಇಲ್ಲವೇ "ಯಾಕೋ ಸುಸ್ತು ಸಾರ್" ಅನ್ನುವುದು. ಸ್ವಲ್ಪ ಮಾತಾಡಿಸಿದರೆ ಒಂದನೇ ತಾರೀಕು ಶುರು ಮಾಡಿದ ಭಾರಿ ಯೋಜನೆಯೊಂದು ಹೊರಗೆ ಬರುತ್ತದೆ.

ಕೆಲವು ವರ್ಷದ ಹಿಂದೆ ಬಂದಿದ್ದ ಹೈಸ್ಕೂಲ್ ಟೀಚರ್ ಒಬ್ಬರ ಪಟ್ಟಿ ನನಗಿನ್ನೂ ನೆನಪಿದೆ. ನಾಲ್ಕೂವರೆಗೆ ಏಳುವುದು, ಬಿಸಿನೀರಿಗೆ ನಿಂಬೆಹಣ್ಣು, ಒಂದು ಗಂಟೆ ಯೋಗ, ಧ್ಯಾನ, ಡೈರಿ, ಸಕ್ಕರೆ ಬಂದ್, ರಾತ್ರಿಗೆ ಬರೀ ಸೌತೆಕಾಯಿ. ಹನ್ನೊಂದನೇ ದಿನ ಅತ್ತೆಗೆ ಜ್ವರ ಬಂತು. ಅವತ್ತು ಯೋಗ ತಪ್ಪಿತು. ಮಾರನೇ ದಿನ ಎಲ್ಲವೂ ತಪ್ಪಿತು. "ನನಗೆ ಶಿಸ್ತೇ ಇಲ್ಲ ಸಾರ್" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಇಬ್ಬರು ಮಕ್ಕಳು, ಅಡುಗೆ, ಅತ್ತೆಯ ಔಷಧಿ, ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸು. ಇಷ್ಟನ್ನೂ ತೂಗಿಸಿಕೊಂಡು ಹೋಗುವ ಹೆಂಗಸಿಗೆ ಶಿಸ್ತು ಇಲ್ಲವಂತೆ! ತಪ್ಪು ಅವರದಲ್ಲ, ಪಟ್ಟಿಯದು. ಮನೆಯಲ್ಲಿ ಯಾರಿಗೂ ಜ್ವರ ಬರದ, ನೆಂಟರು ಬರದ, ಕರೆಂಟ್ ಹೋಗದ ದಿನಗಳಿಗೆಂದು ಮಾಡಿದ ಪಟ್ಟಿ ಅದು. ಅಂಥ ದಿನ ವರ್ಷಕ್ಕೆ ಎಷ್ಟು ಸಿಗುತ್ತವೆ?

ನಾನು ಹೇಳಿದ್ದು ಇಷ್ಟೇ. ದಿನಾ ಒಂದೇ ಹೊತ್ತಿಗೆ ಏಳಿ, ಭಾನುವಾರವೂ. ಬೆಳಕು ಹರಿದ ಮೇಲೆ ಹೇಗೂ ಒಂದು ಕಾಫಿ ಕುಡಿಯುತ್ತೀರಲ್ಲ, ಅದನ್ನು ಒಲೆ ಪಕ್ಕ ನಿಂತು ಗಂಟಲಿಗೆ ಸುರಿದುಕೊಳ್ಳಬೇಡಿ. ಲೋಟ ಹಿಡಿದು ಜಗಲಿಗೆ ಬನ್ನಿ. ಹತ್ತು ನಿಮಿಷ ಕೂತು ಕುಡಿಯಿರಿ. ಮೊಬೈಲ್ ಒಳಗೇ ಇರಲಿ. ಬೇರೇನೂ ಬೇಡ.

ಇದನ್ನು ಹೇಳೋದಕ್ಕೆ ಡಾಕ್ಟರ್ ಬೇಕಾ ಅನ್ನುವ ಹಾಗೆ ನೋಡಿದರು. ಅದಕ್ಕೆ ಕಾರಣ ಹೇಳಬೇಕಾಯಿತು.

ನಮ್ಮ ಮಿದುಳಿನಲ್ಲಿ ಒಂದು ಗಡಿಯಾರ ಇದೆ. ನಿದ್ದೆ, ಹಸಿವು, ಮೈಬಿಸಿ, ಹಾರ್ಮೋನುಗಳ ಏರಿಳಿತ ಎಲ್ಲಕ್ಕೂ ಅದೇ ಹೊತ್ತು ಹೇಳುತ್ತದೆ. ತಮಾಷೆ ಅಂದರೆ, ಹೆಚ್ಚಿನವರಲ್ಲಿ ಅದು 24 ಗಂಟೆಗಿಂತ ಸ್ವಲ್ಪ ನಿಧಾನ ಓಡುತ್ತದೆ. ಹಳೇ ಗೋಡೆ ಗಡಿಯಾರದ ಮುಳ್ಳನ್ನು ದಿನಾ ಸರಿ ಮಾಡಿದಂತೆ ಇದನ್ನೂ ಸರಿ ಮಾಡಬೇಕು. ಆ ಕೆಲಸ ಮಾಡುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಗಿನ ಬೆಳಕು. ಒಳಗಿನ ಟ್ಯೂಬ್‌ಲೈಟ್ ಸಾಕಾಗುವುದಿಲ್ಲ. ಅದು ಕೊಡುವುದು ಕೆಲವು ನೂರು ಲಕ್ಸ್ ಬೆಳಕು. ಮೋಡ ಮುಚ್ಚಿದ್ದರೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಬೆಳಗ್ಗೆ ಆ ಬೆಳಕು ಬಿದ್ದರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. "ಬೇಗ ಮಲಗಿ" ಎಂದು ನಾನು ಯಾರಿಗೂ ಹೇಳುವುದಿಲ್ಲ. ನಿದ್ದೆ ಕರೆದಾಗ ಬರುವುದಿಲ್ಲ. ಏಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಭಾನುವಾರದ ಮಾತಿಗೆ ಎಲ್ಲರೂ ಮುಖ ಸಣ್ಣ ಮಾಡುತ್ತಾರೆ. ದಿನಾ ಆರಕ್ಕೆ ಏಳುವವರು ಭಾನುವಾರ ಏಳೂವರೆಗೆ ಎದ್ದರು ಅನ್ನಿ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಂದರೆ ಅವತ್ತು ಇವರು ದುಬೈ ಲೆಕ್ಕದಲ್ಲಿ ಆರಕ್ಕೆ ಎದ್ದಂತಾಯಿತು. ಸೋಮವಾರ ಮತ್ತೆ ಊರಿಗೆ ವಾಪಸ್. ಸೋಮವಾರದ ತಲೆಭಾರದ ಗುಟ್ಟು ಎಷ್ಟೋ ಸಲ ಇದೇ. ಅರ್ಧ ಗಂಟೆ ಹೆಚ್ಚುಕಮ್ಮಿ ಆದರೆ ನಾನು ಜಗಳ ಆಡುವುದಿಲ್ಲ. ರಾತ್ರಿ ಪಾಳಿಯವರಿಗೆ, ಎಳೆ ಕೂಸಿನ ತಾಯಂದಿರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಸಿಕ್ಕಾಗ ಮಲಗಬೇಕು, ಅಷ್ಟೇ.

ಕಾಫಿಗೇ ಯಾಕೆ ಗಂಟು ಹಾಕಿದೆ? ಕಾಫಿಯನ್ನು ಯಾರೂ ಮರೆಯುವುದಿಲ್ಲ ಅಂತ. ಹೊಸ ಅಭ್ಯಾಸಕ್ಕೆ ಹೊಸ ಹೊತ್ತು ಹುಡುಕಿದರೆ ಅದು ಸಿಗುವುದಿಲ್ಲ. ಹಳೆಯ ಅಭ್ಯಾಸದ ಸೆರಗಿಗೆ ಕಟ್ಟಿದರೆ ಹಿಂದೆಯೇ ಬರುತ್ತದೆ. ಬಿಪಿ ಮಾತ್ರೆ ಮರೆಯುವವರಿಗೆ ಡಬ್ಬಿಯನ್ನು ಹಲ್ಲುಜ್ಜುವ ಬ್ರಷ್ ಪಕ್ಕ ಇಡಿ ಅನ್ನುತ್ತೇನೆ. ಅದೇ ಉಪಾಯ.

"21 ದಿನ ಮಾಡಿದರೆ ಅಭ್ಯಾಸ ಆಗುತ್ತಂತಲ್ಲ ಸಾರ್?" ಎಂದು ಕೇಳುತ್ತಾರೆ. ಈ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಅವರು 1960ರಲ್ಲಿ ಬರೆದಿದ್ದರು. ಅದು ಬಾಯಿಂದ ಬಾಯಿಗೆ ಹೋಗಿ ಎಲ್ಲ ಅಭ್ಯಾಸಕ್ಕೂ ಅಂಟಿಕೊಂಡಿತು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಿಜವಾಗಿ ಲೆಕ್ಕ ಇಟ್ಟು ನೋಡಿದರು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ಮಧ್ಯದ ಲೆಕ್ಕ 66. ನನಗೆ ತುಂಬ ಇಷ್ಟವಾದದ್ದು ಅದರಲ್ಲಿ ಕಂಡ ಇನ್ನೊಂದು ವಿಷಯ: ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಅತ್ತೆಯ ಜ್ವರಕ್ಕೆ ಅಲ್ಲಿ ಜಾಗ ಇತ್ತು.

ಟೀಚರ್ ಮೂರು ತಿಂಗಳ ಮೇಲೆ ಮಗನ ಕೆಮ್ಮಿಗೆ ಬಂದರು. ಜಗಲಿ ಕಾಫಿ ನಡೆದಿತ್ತು. ಆದರೆ ಈಗ ಅತ್ತೆಯೂ ಲೋಟ ಹಿಡಿದು ಪಕ್ಕದಲ್ಲೇ ಬಂದು ಕೂರುತ್ತಾರಂತೆ. "ಆ ಹತ್ತು ನಿಮಿಷವೂ ಹೋಯ್ತು ಸಾರ್" ಎಂದು ನಕ್ಕರು. ನಿದ್ದೆ ಮಾತ್ರ ಚೆನ್ನಾಗಿ ಆಗುತ್ತಿತ್ತು.

ಅವತ್ತು ಎರಡನೆಯದು ಸೇರಿಸಿದೆ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ನಡೆಯುವುದು. ನಮ್ಮ ಕಡೆ ಒಂಬತ್ತೂವರೆಗೆ ಮುದ್ದೆ, ಅನ್ನ ಉಂಡು ಹತ್ತಕ್ಕೆ ದಿಂಬಿಗೆ ತಲೆ ಕೊಡುವುದು ರೂಢಿ. ರಕ್ತದ ಸಕ್ಕರೆ ಮೇಲೇರುವುದೂ ಆ ಹೊತ್ತಿಗೇ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಜಾಸ್ತಿ ಕಾಯದೆ ಆ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಬೀದಿ ನಾಯಿ ಕಾಟ ಇದ್ದರೆ ಟೆರೇಸ್ ಮೇಲೇ ನಡೆಯಿರಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಮಾಡಬೇಕೆಂದಿಲ್ಲ, ತುಂಡು ತುಂಡಾಗಿ ಆದರೂ ಲೆಕ್ಕಕ್ಕೆ ಬರುತ್ತದೆ.

ಸಂಜೆ ಕಾಫಿ ಬಗ್ಗೆ ಒಂದು ಮಾತು. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಆರಕ್ಕೆ ಕುಡಿದದ್ದರ ಅರ್ಧ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ನಾನೇ ಇದನ್ನು ಪಾಲಿಸುವುದಿಲ್ಲ, ಅದು ಬೇರೆ ಮಾತು.

ಈಗ 'ಸೆಲ್ಫ್ ಕೇರ್' ಹೆಸರಲ್ಲಿ ಮೇಣದ ಬತ್ತಿ, ಎಣ್ಣೆ, ಆ್ಯಪ್, ಕೈಗೆ ಕಟ್ಟುವ ಪಟ್ಟಿ ಎಲ್ಲ ಮಾರುತ್ತಾರೆ. ಬೇಕಾದವರು ಕೊಳ್ಳಲಿ. ನನ್ನ ತಕರಾರು ಬೇರೆ. ಮನೆಯಲ್ಲಿ ಕೊನೆಗೆ ಉಣ್ಣುವ, ಕೊನೆಗೆ ಮಲಗುವ, ಮೊದಲು ಏಳುವ ಹೆಂಗಸಿಗೆ "ನಿನ್ನನ್ನು ನೀನು ನೋಡಿಕೋ" ಎಂದರೆ ಅದು ಇನ್ನೊಂದು ಕೆಲಸ ಆಗುತ್ತದೆ. ಅದಕ್ಕೆ ಗಂಡ ಜೊತೆಗೆ ಬಂದಿದ್ದರೆ ಚೀಟಿಯಲ್ಲಿ ಅವನ ಪಾಲನ್ನೂ ಬರೆಯುತ್ತೇನೆ: ರಾತ್ರಿ ಪಾತ್ರೆ, ಬೆಳಗಿನ ಹಾಲು. ಕೆಲವರು ನಗುತ್ತಾರೆ. ಕೆಲವರು ಮಾಡುತ್ತಾರೆ.

ಇನ್ನು ಕೆಲವರನ್ನು ನಾನು ಜಗಲಿಗೆ ಕಳಿಸುವ ಮೊದಲು ಲ್ಯಾಬ್‌ಗೆ ಕಳಿಸುತ್ತೇನೆ. ಎಷ್ಟು ಮಲಗಿದರೂ ಸುಸ್ತು ಅಂದರೆ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನೋಡಬೇಕು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುವವರಿಗೆ ಬೇರೆ ಪರೀಕ್ಷೆ ಇದೆ. ಎರಡು ವಾರ ದಾಟಿದರೂ ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ, ಬದುಕೇ ಬೇಡ ಅನಿಸಿದರಂತೂ ಒಂದು ದಿನವೂ ಕಾಯದೆ, ಡಾಕ್ಟರ್ ಹತ್ತಿರ ಹೋಗಬೇಕು. ಮುಖಾಮುಖಿ ಹೇಳಿಕೊಳ್ಳಲು ಸಂಕೋಚ ಇದ್ದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಮಧ್ಯರಾತ್ರಿಯಾದರೂ ಫೋನ್ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.