ಚಿಕ್ಕದು ದೊಡ್ಡದರ ಮರಿಯಲ್ಲ

ಮುಂಗಾರು ಹಿಡಿಯಿತೆಂದರೆ ಚನ್ನಗಿರಿ, ಹೊಳಲ್ಕೆರೆ ಕಡೆಯ ರೈತರು ನನ್ನ ಮೇಜಿಗೆ ಎರಡು ಬಗೆಯ ಹುತ್ತದ ಅಣಬೆ ತಂದಿಡುತ್ತಾರೆ. ಒಂದು ಅಂಗೈಯಗಲದ ಬಿಳಿ ಕೊಡೆ. ಇನ್ನೊಂದು ಹೆಬ್ಬೆರಳಿನ ಉಗುರಿನಷ್ಟು, ಬೊಗಸೆ ತುಂಬ. “ಸಾರ್, ಇದು ಅದರದೇ ಮರಿ ಅಲ್ವಾ?”

ಅಲ್ಲ. ಕುಲ ಒಂದೇ, ಟರ್ಮಿಟೊಮೈಸಿಸ್, ಜಾತಿ ಬೇರೆ. ದೊಡ್ಡದು ಹೈಮಿಯೈ, ಚಿಕ್ಕದು ಮೈಕ್ರೊಕಾರ್ಪಸ್. 1942ರಲ್ಲಿ ಈ ಕುಲಕ್ಕೆ ಹೆಸರಿಟ್ಟ ಫ್ರಾನ್ಸಿನ ರೋಜೆ ಹೈಮ್ ಅವರ ಹೆಸರೇ ದೊಡ್ಡದಕ್ಕೆ ಬಂದಿದೆ.

ಎರಡನ್ನೂ ಸಾಕುವುದು ಗೆದ್ದಲು. ಒಣಗಿದ ಎಲೆ, ಕಟ್ಟಿಗೆ ತಿಂದು ಹಾಕಿದ ಹಿಕ್ಕೆಯಿಂದ ಅದು ನೆಲದಡಿ ಸ್ಪಂಜಿನಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಶಿಲೀಂಧ್ರವೇ ಅದಕ್ಕೆ ಮೇವು. ಹೈಮಿಯೈ ಆ ಗೂಡಿನಿಂದಲೇ ಹೊರಟು, ಚೂಪು ನೆತ್ತಿಯಿಂದ ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ಹಾಗಾಗಿ ಅದಕ್ಕೆ ಬೇರಿನಂಥ ಉದ್ದ ಬುಡ. ಕಿತ್ತರೆ ತುಂಡಾಗುತ್ತದೆ, ಪಕ್ಕದಿಂದ ಬಿಡಿಸಬೇಕು. ಗೆದ್ದಲು ಬದುಕಿರುವವರೆಗೆ ವರ್ಷವರ್ಷ ಅದೇ ಜಾಗದಲ್ಲಿ ಏಳಬಹುದು, ಹುತ್ತ ಅಗೆದು ಹಾಳುಮಾಡಬೇಡಿ. ಮೈಕ್ರೊಕಾರ್ಪಸ್‌ನ ದಾರಿಯೇ ಬೇರೆ. ಮಳೆ ಬಿದ್ದ ಮೇಲೆ ಗೆದ್ದಲುಗಳೇ ಗೂಡಿನ ಚೂರುಗಳನ್ನು ಹೊರಗೆ ಹೊತ್ತು ತಂದು ನೆಲದ ಮೇಲೆ ಹರಡುತ್ತವೆ. ಆ ಚೂರುಗಳ ಮೇಲೆ ನೂರಾರು ಒಟ್ಟಿಗೆ ಏಳುತ್ತವೆ. ಆಳದಿಂದ ಬರಬೇಕಿಲ್ಲ, ಉದ್ದ ಬುಡವೂ ಇಲ್ಲ.

“ಇದರ ಬೀಜ ಕೊಡಿ” ಎನ್ನುವವರೂ ಉಂಟು. ಚಿಪ್ಪು ಅಣಬೆಯಂತೆ ಹುಲ್ಲಿನ ಚೀಲದಲ್ಲಿ ಇದು ಬರುವುದಿಲ್ಲ, ಗೆದ್ದಲೇ ಬೇಕು.

ಹೈಮಿಯೈ ಕಾಂಡಕ್ಕೆ ಉಂಗುರವಿದೆ, ಮೈಕ್ರೊಕಾರ್ಪಸ್‌ಗಿಲ್ಲ. ಆದರೆ ಉಂಗುರವೊಂದನ್ನೇ ನಂಬಿ ಆರಿಸುವುದು ನನಗೆ ಭಯ. ಹುಲ್ಲುಹಾಸು, ತೋಟಗಳಲ್ಲಿ ಏಳುವ ಕ್ಲೋರೊಫಿಲಮ್ ಮೊಲಿಬ್ಡೈಟಿಸ್‌ಗೂ ಬಿಳಿ ಕೊಡೆ, ಉಂಗುರ ಎರಡೂ ಇವೆ. ನೆಂಟಸ್ತನ ಇಲ್ಲ, ಹೋಲಿಕೆ ಮಾತ್ರ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಹಿಡಿಸುತ್ತದೆ. ಅದಕ್ಕೆ ಉದ್ದ ಬುಡವಿಲ್ಲ. ಬಲಿತ ಕೊಡೆಯನ್ನು ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಬೋರಲಿಟ್ಟರೆ ಹಸಿರು ಛಾಯೆಯ ಪುಡಿ ಉದುರುತ್ತದೆ. ಹುತ್ತದ ಅಣಬೆಯದು ತಿಳಿ ಗುಲಾಬಿ. ಗುಲಾಬಿ ಬಿತ್ತೆಂದು ನೇರ ಒಲೆಗೇರಿಸಬೇಡಿ, ಎಂಟೊಲೋಮಾ ಕುಲದ ವಿಷದ ಅಣಬೆಗಳ ಪುಡಿಯೂ ಗುಲಾಬಿಯೇ.

ತೋರಿಸಲು ತರುವವರು ಬುಡ ಕತ್ತರಿಸಿ, ತೊಳೆದು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತರಬೇಡಿ. ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ತನ್ನಿ, ಎದ್ದ ಜಾಗದ ಫೋಟೋ ಇದ್ದರೆ ಇನ್ನೂ ಒಳ್ಳೆಯದು.