ಮಂಡಕ್ಕಿ ಭಟ್ಟಿಯಿಂದ ಹೆರಿಗೆ ವಾರ್ಡಿಗೆ: ‘ಮೂರು ವಿಳಂಬ’ದ ಟಿಪ್ಪಣಿ

ತಾಯಂದಿರ ಆರೋಗ್ಯದ ಪಾಠದಲ್ಲಿ ‘ಮೂರು ವಿಳಂಬ’ ಬಂದೇ ಬರುತ್ತದೆ. 1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಅನ್ನುವ ಸಂಶೋಧಕರು ಹೇಳಿದ್ದು. ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನಿಸಲು ತಡ, ತಲುಪಲು ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗಲು ತಡ. ಸುಮ್ನೆ ಬಾಯಿಪಾಠ ಮಾಡಬೇಡಿ, ನಮ್ಮ ದಾವಣಗೆರೆ ಜಿಲ್ಲೆಗೇ ಹಚ್ಚಿ ನೋಡೋಣ.

ಹಳ್ಳಿಯವರನ್ನು ಜಾಸ್ತಿ ಕಾಡುವುದು ಎರಡನೆಯದು. ಜಗಳೂರು ಕಡೆಯ ಹಳ್ಳಿಯಲ್ಲಿ ರಾತ್ರಿ ನೋವು ಶುರುವಾಯಿತು ಅನ್ನಿ. 108ಕ್ಕೆ ಫೋನ್ ಮಾಡಬಹುದು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಸೇರಿಯನ್ ಆಗುವುದಿಲ್ಲ. ಅಲ್ಲಿಂದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಅರಿವಳಿಕೆ ಡಾಕ್ಟರ್ ಇಲ್ಲದಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋದರೆ ಎರಡು ಗಂಟೆಯೊಳಗೇ ಜೀವ ಹೋಗಬಹುದು.

ಪೇಟೆಯ ಬಡವರ ಕಷ್ಟ ಬೇರೆ. ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋಗುವವಳಿಗೆ ಆಸ್ಪತ್ರೆ ಹತ್ತಿರವೇ ಇದೆ. ಆದರೆ ತಪಾಸಣೆ ಬೆಳಿಗ್ಗೆ, ಕೆಲಸವೂ ಬೆಳಿಗ್ಗೆ. ಸರದಿಯಲ್ಲಿ ನಿಂತರೆ ಅವತ್ತಿನ ಕೂಲಿ ಹೋಯಿತು. ಉಚಿತ ಅಂತ ನಾವು ಬರೆಯುತ್ತೇವೆ, ಅವಳಿಗೆ ಅದು ಉಚಿತ ಅಲ್ಲ, ಅಲ್ವಾ? ಹಳ್ಳಿಯಲ್ಲಿ ಯಾರ ಮನೆಯಲ್ಲಿ ಬಸುರಿ ಇದ್ದಾಳೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಬಾಡಿಗೆ ಮನೆಗಳ ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಅಂತ ಲೆಕ್ಕ ಸಿಗುವುದೇ ಕಷ್ಟ. ಚೊಚ್ಚಲು ಅಂದರೆ ತವರಿಗೆ ಹೋಗುವುದು ಬೇರೆ. ತಾಯಿ ಕಾರ್ಡ್ ಗಂಡನ ಮನೆಯಲ್ಲೇ ಉಳಿದರೆ, ಹಿಂದಿನ ಬಿಪಿ, ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಅಲ್ಲಿನ ನರ್ಸಿಗೆ ಹೇಗೆ ಗೊತ್ತಾಗಬೇಕು?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಸುಮಾರು ಶೇ 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ. ಕನಿಷ್ಠ ನಾಲ್ಕು ತಪಾಸಣೆ ಆದವರು ಮಾತ್ರ ಸುಮಾರು ಶೇ 71. ರಕ್ತಹೀನತೆ ಇರುವ ಗರ್ಭಿಣಿಯರು ಸುಮಾರು ಶೇ 46. ನನಗೆ ‘ಮೂರು ವಿಳಂಬ’ ಸಾಲದು ಅನಿಸುವುದು ಇಲ್ಲೇ. ಅದು ತೊಂದರೆ ಶುರುವಾದ ಮೇಲಿನ ಗಡಿಯಾರ ನೋಡುತ್ತದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದವಳು, ಅಂದರೆ ತೀವ್ರ ರಕ್ತಹೀನತೆ ಇದ್ದವಳು, ಸರಿಯಾದ ಹೊತ್ತಿಗೆ ವಾರ್ಡಿಗೆ ಬಂದರೂ, ಸ್ವಲ್ಪ ರಕ್ತ ಹೋದರೆ ಸಾಕು, ಜೀವಕ್ಕೆ ಅಪಾಯ.

ಯೋಜನೆಗಳು ಬೇಗ ನೋಡಿಬಿಡಿ. ಜನನಿ ಸುರಕ್ಷಾ, 2005: ಆಸ್ಪತ್ರೆಯಲ್ಲಿ ಹೆರಿಗೆಯಾದರೆ ನಮ್ಮ ರಾಜ್ಯದಲ್ಲಿ ಹಳ್ಳಿಯ ಬಡವರಿಗೆ 700, ಪೇಟೆಯವರಿಗೆ 600 ರೂಪಾಯಿ. ಜನನಿ ಶಿಶು ಸುರಕ್ಷಾ, 2011: ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಊಟ, ವಾಪಸ್ ಮನೆಗೆ ವಾಹನ ಎಲ್ಲ ಉಚಿತ. ಕೂಲಿ ನಷ್ಟಕ್ಕೆ ಅಂತಲೇ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5,000. ಹೆಸರು ನೋಂದಾಯಿಸಿ ಒಂದು ತಪಾಸಣೆ ಮುಗಿದ ಮೇಲೆ 3,000, ಮಗುವಿನ ಮೊದಲ ಸುತ್ತಿನ ಲಸಿಕೆ ಆದ ಮೇಲೆ 2,000. ಅಂದರೆ ಮೊದಲ ತಪಾಸಣೆಯ ದಿನದ ಕೂಲಿಯನ್ನು ಅವಳು ತನ್ನ ಕೈಯಿಂದಲೇ ಬಿಡಬೇಕು.