ಐದು ದಿನಗಳ ಯುದ್ಧ ಮತ್ತು ರಷ್ಯಾದ ಸೇನಾಬಲದ ಲೆಕ್ಕಾಚಾರ

2008ರ ಆಗಸ್ಟ್ 8ರಂದು ಬೀಜಿಂಗ್‌ನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾಗುತ್ತಿದ್ದ ಹೊತ್ತಿನಲ್ಲೇ ರಷ್ಯಾದ 58ನೇ ಸೇನೆಯ ತುಕಡಿಗಳು ಕಾಕಸಸ್ ಪರ್ವತವನ್ನು ಕೊರೆದು ಮಾಡಿದ ರೋಕಿ ಸುರಂಗವನ್ನು ದಾಟಿ, ಜಾರ್ಜಿಯಾದಿಂದ ಬೇರ್ಪಟ್ಟಿದ್ದ ದಕ್ಷಿಣ ಒಸ್ಸೆಟಿಯಾ ಪ್ರದೇಶಕ್ಕೆ ಇಳಿಯುತ್ತಿದ್ದವು. ಹಿಂದಿನ ರಾತ್ರಿ ಜಾರ್ಜಿಯಾದ ಪಡೆಗಳು ಅಲ್ಲಿನ ಮುಖ್ಯಪಟ್ಟಣ ತ್ಸ್ಖಿನ್ವಾಲಿಯ ಮೇಲೆ ಫಿರಂಗಿ ದಾಳಿ ಆರಂಭಿಸಿದ್ದವು. ಆಗಸ್ಟ್ 12ರಂದು ಫ್ರಾನ್ಸ್ ಅಧ್ಯಕ್ಷ ನಿಕೊಲಾ ಸರ್ಕೋಜಿ ಅವರ ಮಧ್ಯಸ್ಥಿಕೆಯಲ್ಲಿ ಕದನವಿರಾಮ ಕುದುರುವಷ್ಟರಲ್ಲಿ ಜಾರ್ಜಿಯಾ ಸಂಪೂರ್ಣವಾಗಿ ಸೋತಿತ್ತು. ರಷ್ಯಾ ಮತ್ತೆ ಎದ್ದು ನಿಂತಿದೆ ಎಂದು ಜಗತ್ತಿನ ಬಹುಪಾಲು ಪತ್ರಿಕೆಗಳು ಬರೆದವು. ಆದರೆ ಮಾಸ್ಕೋದ ಸೇನಾ ಕೇಂದ್ರದಲ್ಲಿ ಕುಳಿತವರಿಗೆ ಕಂಡದ್ದು ಬೇರೆಯೇ ಚಿತ್ರ.

58ನೇ ಸೇನೆಯ ದಂಡನಾಯಕ ಜನರಲ್ ಅನತೋಲಿ ಖ್ರುಲ್ಯೋವ್ ಪತ್ರಕರ್ತರೂ ಇದ್ದ ವಾಹನಸಾಲಿನೊಂದಿಗೆ ತ್ಸ್ಖಿನ್ವಾಲಿಯತ್ತ ಹೋಗುತ್ತಿದ್ದಾಗ ಆಗಸ್ಟ್ 9ರಂದು ಜಾರ್ಜಿಯಾದ ಸೈನಿಕರಿಗೆ ಎದುರಾಗಿ, ಗುಂಡಿನ ಚಕಮಕಿಯಲ್ಲಿ ಗಾಯಗೊಂಡರು. ಸಾವಿರಾರು ಸೈನಿಕರ ಮುಖ್ಯಸ್ಥನೊಬ್ಬ ಶತ್ರು ಎಲ್ಲಿದ್ದಾನೆಂದು ತಿಳಿಯದೆ ಅವನ ಎದುರಿಗೇ ಹೋಗಿ ನಿಲ್ಲುವುದು ಬೇಹುಗಾರಿಕೆಯ ಸ್ಥಿತಿ ಎಷ್ಟು ಹದಗೆಟ್ಟಿತ್ತು ಎಂಬುದಕ್ಕೆ ಸಾಕ್ಷಿ. ರೇಡಿಯೊಗಳು ಕೈಕೊಟ್ಟಾಗ ಅಧಿಕಾರಿಗಳು ಸಾಮಾನ್ಯ ಮೊಬೈಲ್ ಫೋನ್‌ಗಳಲ್ಲಿ ಆದೇಶ ಕೊಟ್ಟರು. ಪತ್ರಕರ್ತರೊಬ್ಬರ ಸ್ಯಾಟಲೈಟ್ ಫೋನ್ ಪಡೆದು ಮಾತನಾಡಬೇಕಾಯಿತು ಎಂಬ ವರದಿಯೂ ಬಂತು. ವಾಯುಪಡೆ ಮೂರು ಸು-25 ವಿಮಾನಗಳನ್ನೂ ಒಂದು ಟಿಯು-22ಎಂ3 ಬಾಂಬರ್ ಅನ್ನೂ ಕಳೆದುಕೊಂಡದ್ದನ್ನು ಸರ್ಕಾರವೇ ಒಪ್ಪಿಕೊಂಡಿತು. ರಷ್ಯಾದ ವಿಮಾನಗಳಲ್ಲಿ ಕೆಲವು ತಮ್ಮದೇ ಪಡೆಗಳ ದಾಳಿಗೆ ಉರುಳಿದವು ಎಂದು ಅಲ್ಲಿಯ ವಿಶ್ಲೇಷಕರೇ ನಂತರ ಬರೆದರು. ಸಮರನೌಕೆಗಳ ಬಗ್ಗೆ ನೌಕಾಪಡೆಯ ಮುಖ್ಯಸ್ಥ ವ್ಲಾದಿಮಿರ್ ವೀಸೊತ್ಸ್ಕಿ ಬಹಿರಂಗವಾಗಿಯೇ ಹೇಳಿದರು: ಸೈನಿಕರನ್ನೂ ಹೆಲಿಕಾಪ್ಟರ್‌ಗಳನ್ನೂ ದಡಕ್ಕೆ ಇಳಿಸಬಲ್ಲ ಫ್ರಾನ್ಸಿನ ಮಿಸ್ತ್ರಾಲ್ ಮಾದರಿಯ ಹಡಗು ಇದ್ದಿದ್ದರೆ ಕಪ್ಪು ಸಮುದ್ರದ ನೌಕಾಬಳಗ 26 ಗಂಟೆಗಳಲ್ಲಿ ಮಾಡಿದ ಕೆಲಸ 40 ನಿಮಿಷಗಳಲ್ಲಿ ಮುಗಿಯುತ್ತಿತ್ತು.

ಸಣ್ಣ ನೆರೆಯವನ ಮೇಲಿನ ಯುದ್ಧದಿಂದ ರಷ್ಯಾದ ಬಲವನ್ನು ಅಳೆಯುವ ಪ್ರಯತ್ನ ಅದಕ್ಕಿಂತ ಬಹಳ ಹಿಂದಿನದು. 1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ಏರಿಹೋದಾಗ, ನಲವತ್ತು ಲಕ್ಷವೂ ಇರದ ಜನಸಂಖ್ಯೆಯ ಆ ದೇಶ ಸುವೊಮುಸ್ಸಲ್ಮಿಯ ಹಿಮಗಾಡಿನಲ್ಲಿ ಕೆಂಪುಸೇನೆಯ ಡಿವಿಜನ್‌ಗಳನ್ನೇ (ಸಾವಿರಾರು ಸೈನಿಕರ ದೊಡ್ಡ ತುಕಡಿಗಳನ್ನೇ) ತುಂಡರಿಸಿ ನಾಶಮಾಡಿತು. 1940ರ ಮಾರ್ಚ್‌ನಲ್ಲಿ ಒಪ್ಪಂದವಾಗುವಾಗ ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರು ಸತ್ತಿದ್ದರು. ಕೆಂಪುಸೇನೆ ಒಂದೇ ಹೊಡೆತಕ್ಕೆ ಕುಸಿಯುತ್ತದೆ ಎಂಬ ಬರ್ಲಿನ್‌ನ ನಂಬಿಕೆ ಇದರಿಂದ ಇನ್ನಷ್ಟು ಗಟ್ಟಿಯಾಯಿತು. ಸ್ಟಾಲಿನ್ ಮಾತ್ರ ರಕ್ಷಣಾ ಮುಖ್ಯಸ್ಥ ವೊರೊಶಿಲೊವ್‌ರನ್ನು ಬದಲಿಸಿ ತಿಮೊಷೆಂಕೊಗೆ ಸುಧಾರಣೆಯ ಹೊಣೆ ವಹಿಸಿದರು. 1941ರ ಜೂನ್‌ನಲ್ಲಿ ಜರ್ಮನಿ ದಾಳಿ ಮಾಡುವ ವೇಳೆಗೆ ಆ ಸುಧಾರಣೆ ಅರೆಬರೆಯಾಗಿತ್ತು, ಸೋಲುಗಳೂ ಭೀಕರವಾಗಿದ್ದವು. ಆದರೆ ದೇಶದ ಮೀಸಲು ಬಲ ಎಷ್ಟೆಂಬುದನ್ನು ಫಿನ್ಲೆಂಡಿನ ಯುದ್ಧ ಯಾರಿಗೂ ತೋರಿಸಿರಲಿಲ್ಲ. ಜರ್ಮನ್ ಭೂಸೇನೆಯ ಮುಖ್ಯಾಧಿಕಾರಿ ಫ್ರಾಂಜ್ ಹಾಲ್ಡರ್ ಅದೇ ವರ್ಷದ ಆಗಸ್ಟ್‌ನಲ್ಲಿ ದಿನಚರಿಯಲ್ಲಿ ದಾಖಲಿಸಿದರು: ಮೊದಲು ಅಂದಾಜಿಸಿದ್ದು ಸುಮಾರು 200 ಡಿವಿಜನ್‌ಗಳನ್ನು, ಈಗಾಗಲೇ ಎಣಿಕೆಗೆ ಸಿಕ್ಕಿರುವುದು 360. ಸೋತ ತುಕಡಿಗಳನ್ನು ನೋಡಿದವರು ಹೊಸ ತುಕಡಿಗಳನ್ನು ಕಟ್ಟುವ ವ್ಯವಸ್ಥೆಯನ್ನು ನೋಡಲಿಲ್ಲ.

1994ರ ಡಿಸೆಂಬರ್ ಕೊನೆಯಲ್ಲಿ ತಪ್ಪು ಲೆಕ್ಕ ಹಾಕಿದ್ದು ರಷ್ಯನ್ನರೇ. ಒಂದು ಪ್ಯಾರಾಟ್ರೂಪರ್ ರೆಜಿಮೆಂಟ್ ಎರಡು ಗಂಟೆಗಳಲ್ಲಿ, ರಷ್ಯಾದಿಂದ ಸ್ವಾತಂತ್ರ್ಯ ಘೋಷಿಸಿದ್ದ ಚೆಚೆನ್ಯಾದ ಸಮಸ್ಯೆಯನ್ನು ಬಗೆಹರಿಸಬಲ್ಲದು ಎಂದಿದ್ದವರು ರಕ್ಷಣಾ ಸಚಿವ ಪಾವೆಲ್ ಗ್ರಚೋವ್. ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯ ಬೀದಿಗಳಿಗೆ ನುಗ್ಗಿದ ರಷ್ಯಾದ ಮೈಕೊಪ್ ಬ್ರಿಗೇಡ್ ಹೊಸ ವರ್ಷದ ಹೊತ್ತಿಗೆ ನುಚ್ಚುನೂರಾಗಿತ್ತು.

2008ರ ನಂತರ ಮಾಸ್ಕೋ ಗೆಲುವಿನ ಸಂಭ್ರಮದಲ್ಲಿ ಮೈಮರೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವ ಅನತೋಲಿ ಸೆರ್ದ್ಯುಕೊವ್ ಪ್ರಕಟಿಸಿದ ಸುಧಾರಣೆ ಸೋವಿಯತ್ ಕಾಲದ ಸೇನೆಯ ಅಡಿಪಾಯವನ್ನೇ ಅಲುಗಾಡಿಸಿತು. ಹೆಚ್ಚಿನವುಗಳಲ್ಲಿ ಸಾಕಷ್ಟು ಸೈನಿಕರಿಲ್ಲದೆ ಅಧಿಕಾರಿಗಳೇ ತುಂಬಿದ್ದ ಭೂಸೇನೆಯ 1,890 ಘಟಕಗಳನ್ನು 172ಕ್ಕೆ ಇಳಿಸುವ, ಡಿವಿಜನ್‌ಗಳ ಬದಲು ಅವಕ್ಕಿಂತ ಚಿಕ್ಕದಾದ ಬ್ರಿಗೇಡ್‌ಗಳನ್ನು ಕಟ್ಟುವ ಯೋಜನೆ ಅದಾಗಿತ್ತು. ಶಸ್ತ್ರಾಸ್ತ್ರಗಳಿಗಾಗಿ 2020ರವರೆಗೆ ಸುಮಾರು 20 ಲಕ್ಷ ಕೋಟಿ ರೂಬಲ್ ಮೀಸಲಿಟ್ಟರು. ಇಸ್ರೇಲಿನಿಂದ ಡ್ರೋನ್ ಕೊಂಡರು. 2014ರಲ್ಲಿ ಉಕ್ರೇನಿನಿಂದ ಕಿತ್ತುಕೊಂಡ ಕ್ರೈಮಿಯಾದಲ್ಲಿ ಕಂಡ ಶಿಸ್ತಿನ ಪಡೆಗಳು, 2015ರ ಅಕ್ಟೋಬರ್‌ನಲ್ಲಿ ಕ್ಯಾಸ್ಪಿಯನ್ ಸಮುದ್ರದಿಂದ ಸಿರಿಯಾಕ್ಕೆ ಹಾರಿದ ಕಾಲಿಬರ್ ಕ್ಷಿಪಣಿಗಳು ಈ ಖರ್ಚಿನ ಫಲವೆಂಬಂತೆ ಕಂಡವು. ಪಶ್ಚಿಮದ ತಜ್ಞರಲ್ಲಿ ಅನೇಕರು ಅಲ್ಲಿಗೇ ತೀರ್ಮಾನಕ್ಕೆ ಬಂದರು.

ಇಲ್ಲಿಯೇ ಅವರು ಎಡವಿದ್ದು ಎಂದು ನನಗನಿಸುತ್ತದೆ. ಕ್ರೈಮಿಯಾದಲ್ಲಿ ಎದುರಾಳಿ ಹೋರಾಡಲಿಲ್ಲ. ಸಿರಿಯಾದಲ್ಲಿ ಎದುರಾಳಿಗೆ ವಾಯುಪಡೆಯೇ ಇರಲಿಲ್ಲ. ಹಣ ಕೊಟ್ಟರೆ ಬರುವ ಕ್ಷಿಪಣಿ, ರೇಡಿಯೊ, ಸಮವಸ್ತ್ರ ಇವೆಲ್ಲ ಬಂದಿದ್ದವು. ತಾನಾಗಿ ನಿರ್ಧಾರ ತೆಗೆದುಕೊಳ್ಳಬಲ್ಲ ಸಾರ್ಜೆಂಟ್, ಮೇಲಧಿಕಾರಿಗೆ ಕೆಟ್ಟ ಸುದ್ದಿಯನ್ನು ಅಂಜದೆ ಹೇಳುವ ಕ್ಯಾಪ್ಟನ್, ಗಡಿಯಿಂದ ನೂರಾರು ಕಿಲೋಮೀಟರ್ ಆಚೆಗೂ ಇಂಧನ ತಲುಪಿಸುವ ಲಾರಿಗಳ ಸಾಲು, ಇವು ಮೇ 9ರ ರೆಡ್ ಸ್ಕ್ವೇರ್ ಮೆರವಣಿಗೆಯಲ್ಲಿ ಕಾಣುವ ಸಂಗತಿಗಳಲ್ಲ. 2012ರ ನವೆಂಬರ್‌ನಲ್ಲಿ ಸೆರ್ದ್ಯುಕೊವ್ ವಜಾಗೊಂಡ ಮೇಲೆ ಸುಧಾರಣೆಯ ಕೆಲವು ಭಾಗಗಳನ್ನು ಹಿಂದಕ್ಕೆ ಪಡೆಯಲಾಯಿತು, ಹಳೆಯ ಡಿವಿಜನ್‌ಗಳು ಮರಳಿದವು.

2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ದಾಳಿ ಆರಂಭವಾದ ನಂತರ ರಾಜಧಾನಿ ಕೀವ್‌ನ ಉತ್ತರದಲ್ಲಿ ಹತ್ತಾರು ಕಿಲೋಮೀಟರ್ ಉದ್ದದ ಸೇನಾ ವಾಹನಸಾಲು ನಿಂತಲ್ಲೇ ನಿಂತಾಗ, ರಷ್ಯಾದ ಸೈನಿಕರು ತೆರೆದ ರೇಡಿಯೊಗಳಲ್ಲಿ ಆಡಿದ ಮಾತನ್ನು ಹವ್ಯಾಸಿಗಳೂ ಆಲಿಸುತ್ತಿದ್ದಾಗ, ಜನರಲ್‌ಗಳು ಒಬ್ಬರ ಹಿಂದೊಬ್ಬರಂತೆ ಮುಂಚೂಣಿಯ ಸಮೀಪ ಸತ್ತಾಗ, ಜಾರ್ಜಿಯಾದಲ್ಲಿ ಐದೇ ದಿನಗಳ ಗೆಲುವು ಮುಚ್ಚಿಟ್ಟಿದ್ದ ದೋಷಗಳು ಹತ್ತಾರು ಪಟ್ಟು ದೊಡ್ಡದಾಗಿ ಹೊರಬಂದವು. ಆಗ ಅಭಿಪ್ರಾಯ ಮತ್ತೊಂದು ತುದಿಗೆ ವಾಲಿತು: ರಷ್ಯಾ ಕಾಗದದ ಹುಲಿ ಎಂಬ ಮಾತು ಎಲ್ಲೆಡೆ ಕೇಳಿಬಂತು. ಆ ಸೆಪ್ಟೆಂಬರ್‌ನಲ್ಲಿ 3 ಲಕ್ಷ ಮಂದಿಯನ್ನು ಸೇನೆಗೆ ಕರೆದು, ದಕ್ಷಿಣದಲ್ಲಿ ಸಾಲುಸಾಲು ಕಂದಕಗಳನ್ನೂ ನೆಲಬಾಂಬುಗಳನ್ನೂ ಹೂಡಿದ ಸೇನೆ 2023ರ ಬೇಸಿಗೆಯಲ್ಲಿ ಉಕ್ರೇನಿನ ಪ್ರತಿದಾಳಿಯನ್ನು ತಡೆದಾಗ ಆ ಮಾತೂ ಉಳಿಯಲಿಲ್ಲ.

ಭಾರತಕ್ಕೆ ಇದು ದೂರದ ಚರ್ಚೆಯಲ್ಲ, ಏಕೆಂದರೆ ನಮ್ಮ ಟಿ-90 ಟ್ಯಾಂಕುಗಳಿಂದ ಸುಖೋಯ್-30 ವಿಮಾನಗಳವರೆಗೆ ಹಲವು ಆಯುಧಗಳ ಮೂಲ ಅಲ್ಲಿದೆ. 2018ರ ಅಕ್ಟೋಬರ್‌ನಲ್ಲಿ ಸುಮಾರು 540 ಕೋಟಿ ಡಾಲರ್‌ಗೆ ಒಪ್ಪಂದವಾದ, ಶತ್ರು ವಿಮಾನಗಳನ್ನು ಹೊಡೆದುರುಳಿಸುವ ಎಸ್-400 ಕ್ಷಿಪಣಿಗಳ ಐದು ರೆಜಿಮೆಂಟ್‌ಗಳ ಪೈಕಿ ಮೂರು ಬಂದ ಮೇಲೆ, ಉಳಿದೆರಡರ ಪೂರೈಕೆ ಯುದ್ಧದ ಕಾರಣ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ರಷ್ಯಾದ ಕಾರ್ಖಾನೆಗಳು ತಮ್ಮ ರಣರಂಗದ ನಷ್ಟವನ್ನು ತುಂಬಿಸಿಕೊಂಡು ಹೊರಗಿನವರಿಗೆ ಎಷ್ಟು ಕೊಡಬಲ್ಲವು ಎಂಬ ಪ್ರಶ್ನೆ ಈಗ ದೆಹಲಿಯಲ್ಲಿ ಬಿಡಿಭಾಗಗಳ ಪ್ರತಿ ಬೇಡಿಕೆಪಟ್ಟಿಯ ಜೊತೆಗೂ ಏಳುತ್ತದೆ.